ಮುಟ್ಟದೆ ಆಡಿದ ಮಾತು

ಭಾನುವಾರ ಬೆಳಗ್ಗೆ ಬಾಯಿಂದ ಜಾರಿದ ಮಾತು ಊರೆಲ್ಲ ಸುತ್ತಿ, ಬುಧವಾರ ಸಂಜೆ ಮೇಸ್ತ್ರಿಯವರ ಅಡುಗೆಮನೆಗೇ ಬಂದು ಕುಳಿತಿತು. ಮಗಳು ಮುಂಚೆ ತಿಳಿಸದೆ ಬಂದಿದ್ದಳು. ಹೆಗಲಿನ ಚೀಲವನ್ನೂ ಇಳಿಸದೆ ಸ್ಟೂಲಿನ ತುದಿಯಲ್ಲಿ ಕುಳಿತಳು. ಮೇಸ್ತ್ರಿ ಚಹಾಕ್ಕೆ ನೀರಿಟ್ಟು ಸಕ್ಕರೆ ಡಬ್ಬಿಗೆ ಕೈ ಹಾಕಿದರು.

"ಅಪ್ಪ, ಆ ಕಾರು ಮಾಡಿದ್ದು ನಾನು."

"ಯಾವ ಕಾರಮ್ಮ?"

"ಅದೇ. ಚಕ್ರ ಹಚ್ಚಿದ ಹೆಣದ ಪೆಟ್ಟಿಗೆ."

ಡಬ್ಬಿ ಮೇಸ್ತ್ರಿಯವರ ಕೈಯಲ್ಲೇ ಉಳಿಯಿತು. ಆ ಮಾತು ಅವರದೇ. ಭಾನುವಾರ ಸಂಘದ ಸಭೆಯಲ್ಲಿ, ಮೂವತ್ತು ಜನರ ಎದುರಿಗೆ, ನಗು ಬರಲೆಂದೇ ಆಡಿದ ಮಾತು. ನಗು ಬಂದಿತ್ತು. ಚಪ್ಪಾಳೆಯೂ ಬಿದ್ದಿತ್ತು.

ಮೇಸ್ತ್ರಿ ನಲವತ್ತೊಂದು ವರ್ಷ ಕಾರಿನ ಮೈ ತಿದ್ದಿದವರು. ಗುದ್ದಿಸಿಕೊಂಡು ನೆಗ್ಗಿದ ಬಾಗಿಲು, ಮುದುಡಿದ ಮೂತಿ, ಸೊಟ್ಟಗಾದ ಬೆನ್ನು, ಎಲ್ಲವನ್ನೂ ಸುತ್ತಿಗೆಯಿಂದ ಮೆಲ್ಲಮೆಲ್ಲನೆ ತಟ್ಟಿ ಹುಟ್ಟಿದ ದಿನದ ಹಾಗೆ ಮಾಡಿಕೊಡುವ ಕೆಲಸ. ಆ ಊರಿನಲ್ಲಿ ಒಂದು ಹಳೆಯ, ದೊಡ್ಡ ಹೆಸರಿನ ಕಂಪನಿಯ ಕಾರುಗಳನ್ನು ಇಟ್ಟುಕೊಂಡವರದೇ ಒಂದು ಸಂಘವಿತ್ತು. ಉಳಿದವರು ಕಾರು ಓಡಿಸುತ್ತಾರೆ, ಇವರು ಕಾರು ಸಾಕುತ್ತಾರೆ ಎಂದು ಜನ ತಮಾಷೆ ಮಾಡುತ್ತಿದ್ದರು. ವಕೀಲರೊಬ್ಬರು ಅಧ್ಯಕ್ಷರು, ಹಲ್ಲಿನ ಡಾಕ್ಟರು ಕಾರ್ಯದರ್ಶಿ. ಅವರಷ್ಟು ಉಳ್ಳವರಲ್ಲದಿದ್ದರೂ ಸಂಘದಲ್ಲಿ ಮೇಸ್ತ್ರಿಯವರ ಕುರ್ಚಿ ಮುಂದಿನ ಸಾಲಿನಲ್ಲೇ ಇರುತ್ತಿತ್ತು. ಆ ಕಾರುಗಳಲ್ಲಿ ಅವರ ಸುತ್ತಿಗೆ ತಾಗದಿದ್ದುದು ಒಂದೂ ಇರಲಿಲ್ಲ. ಗುಜರಿಯಿಂದ ಎತ್ತಿ ತಂದು ಒಂಬತ್ತು ವರ್ಷ ತಟ್ಟಿ ನಿಲ್ಲಿಸಿದ ಹಳೆಯ ಕಾರೊಂದು ಅವರಿಗೂ ಇತ್ತು. ಅದರ ಸೀಟುಗಳನ್ನು ಹೊಲಿದವಳು ಅವರ ಹೆಂಡತಿ.

ಆಕೆ ತೀರಿಕೊಂಡು ಎಂಟು ತಿಂಗಳಾಗಿತ್ತು.

ಅಂದು ಸಭೆಯಲ್ಲಿ ಕಂಪನಿಯ ಹೊಸ ಕಾರಿನ ಜಾಹೀರಾತನ್ನು ಗೋಡೆಯ ಮೇಲೆ ಬಿಟ್ಟು ತೋರಿಸಿದರು. ಒಂದೂವರೆ ನಿಮಿಷದ ಚಿತ್ರ. ಅದರಲ್ಲಿ ಒಂದು ನಿಮಿಷ ಇಪ್ಪತ್ತು ಸೆಕೆಂಡು ಕಾರೇ ಇಲ್ಲ. ಒಬ್ಬಳು ಕನ್ನಡಿಯ ಮುಂದೆ ನಿಂತು ತನ್ನ ಜಡೆ ಕತ್ತರಿಸಿಕೊಳ್ಳುತ್ತಾಳೆ. ಒಬ್ಬ ಕೈಗಡಿಯಾರವನ್ನು ಬಿಚ್ಚಿ ನೀರಿಗೆ ಎಸೆಯುತ್ತಾನೆ. ಮತ್ತೊಬ್ಬ ಬಿಳಿ ಬಣ್ಣದಲ್ಲಿ ಬ್ರಷ್ಷು ಅದ್ದಿ, ಗೋಡೆಗೆ ತೂಗುಹಾಕಿದ ಮನೆಮಂದಿಯ ಫೋಟೋಗಳ ಮೇಲೆ ಒಂದೊಂದಾಗಿ ಬಳಿಯುತ್ತಾ ಹೋಗುತ್ತಾನೆ. ಕೊನೆಗೆ ಕಾರು ಬರುತ್ತದೆ. ಉದ್ದನೆಯ, ಚಪ್ಪಟೆ ಮೂತಿಯ ಕಾರು. ಹಿಂದುಗಡೆ ಕಿಟಕಿಯೇ ಇಲ್ಲ, ಬರೀ ಮುಚ್ಚಿದ ಮೈ. ಕೆಳಗೆ ಎರಡೇ ಪದ: 'ಹಿಂದಿನದು ಸಾಕು.'

ಹಲ್ಲಿನ ಡಾಕ್ಟರು, "ಏನ್ರೀ ಇದು, ಸೋಪಿನ ಜಾಹೀರಾತಾ, ಕಾರಿಂದಾ?" ಎಂದರು. ವಕೀಲರು, "ನಮ್ಮಂಥ ಹಳಬರು ಸಾಕು ಅಂತ ಮುಖಕ್ಕೇ ಹೇಳ್ತಿದ್ದಾರೆ, ಅಷ್ಟೂ ಅರ್ಥ ಆಗಲ್ವೇನ್ರೀ?" ಎಂದರು. ಯಾರೋ ಫ್ರಿಜ್ಜು ಮಲಗಿಸಿದ ಹಾಗಿದೆ ಎಂದರು, ಇನ್ಯಾರೋ ಇಸ್ತ್ರಿಪೆಟ್ಟಿಗೆ ಎಂದರು. ಒಬ್ಬೊಬ್ಬರಾಗಿ ಹೇಳಿ ಮುಗಿದ ಮೇಲೆ ಎಲ್ಲರೂ ಮೇಸ್ತ್ರಿಯವರ ಕಡೆ ತಿರುಗಿದರು. ಮೇಸ್ತ್ರಿಯವರ ಕಣ್ಣಿನಲ್ಲಿ ಇನ್ನೂ ಆ ಬಿಳಿ ಬ್ರಷ್ಷೇ ಇತ್ತು. ಆರು ತಿಂಗಳ ಹಿಂದೆ ತಾವೇ ಮೊಳೆ ಹೊಡೆದು ಗೋಡೆಗೆ ಹಾಕಿದ ಒಂದು ಫೋಟೋ ಇತ್ತು. "ಹೆಣದ ಪೆಟ್ಟಿಗೆಗೆ ಚಕ್ರ ಹಚ್ಚಿದ್ದಾರೆ ಕಣ್ರಯ್ಯ. ಮಾಡಿದವನಿಗೆ ಕೈಯೂ ಇಲ್ಲ, ಕರುಳೂ ಇಲ್ಲ," ಎಂದರು.

ಸಂಘದಲ್ಲಿ ಸದಾ ಫೋನು ಎತ್ತಿ ಹಿಡಿದೇ ಇರುವ ಒಬ್ಬನಿದ್ದ. ಅವನಿಗೆ ರೀಲು ಎಂದೇ ಹೆಸರು. ಅವನು ಅದನ್ನು ಸೆರೆಹಿಡಿದು ಜಾಲತಾಣಕ್ಕೆ ಹಾಕಿಬಿಟ್ಟ. ಮೂರು ದಿನದಲ್ಲಿ ಲಕ್ಷಾಂತರ ಜನ ನೋಡಿದರು.

"ನೀನು ಆ ಕಂಪನಿಯಲ್ಲಿ ಬರೀ ಗುಬುಟು, ಹಿಡಿಕೆ ಮಾಡ್ತೀನಿ ಅಂದಿದ್ದೆಯಲ್ಲ?" ಎಂದರು ಮೇಸ್ತ್ರಿ, ಈಗ ಅಡುಗೆಮನೆಯಲ್ಲಿ.

"ಹಾಗೆ ಹೇಳಬೇಕಿತ್ತು. ಯಾರಿಗೂ ಬಾಯಿ ಬಿಡಲ್ಲ ಅಂತ ಬರೆದುಕೊಟ್ಟಿದ್ದೆ. ಮೂರೂವರೆ ವರ್ಷ ಅಪ್ಪ."

ಕಾರು ತಗಡಾಗುವ ಮುಂಚೆ ಮಣ್ಣಾಗಿರುತ್ತದೆ. ನಿಜವಾದ ಉದ್ದಗಲಕ್ಕೇ, ಬೆಚ್ಚಗೆ ಮಾಡಿದ ಕಂದು ಜೇಡಿಯನ್ನು ಚೌಕಟ್ಟಿಗೆ ಮೆತ್ತಿ, ಉಕ್ಕಿನ ತೆಳು ತಗಡುಗಳಿಂದ ಕೂದಲೆಳೆಯಷ್ಟಷ್ಟೇ ಹೆರೆದು ರೂಪ ಕೊಡುತ್ತಾರೆ. ಮಗಳದು ಆ ಕೆಲಸ. ಅವಳಿಗೆ ಆ ಕೈ ಬಂದದ್ದು ಎಲ್ಲಿಂದ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಐದನೆಯ ವಯಸ್ಸಿನಿಂದ ಅವಳು ಅಪ್ಪನ ಗ್ಯಾರೇಜಿನಲ್ಲೇ ಬೆಳೆದವಳು.

"ಅಮ್ಮನಿಗೆ ಮಾತ್ರ ಹೇಳಿದ್ದೆ," ಎಂದಳು ಮಗಳು. "ಆಸ್ಪತ್ರೆಯಲ್ಲಿ. ಯಾಕೆ ವಾರಕ್ಕೊಂದು ಸಲ ಮಾತ್ರ ಬರ್ತೀನಿ ಅಂತ ಅವಳಿಗಾದರೂ ಗೊತ್ತಿರಲಿ ಅಂತ."

ಆ ವಾರಗಳಲ್ಲಿ ಮೇಸ್ತ್ರಿ ಮಗಳ ಮೇಲೆ ಮುನಿಸಿಕೊಂಡಿದ್ದರು. ಒಂದೆರಡು ಸಲ ಹೆಂಡತಿಯ ಹತ್ತಿರ ಗೊಣಗಿದ್ದೂ ಉಂಟು. ಆಕೆ ಪ್ರತಿ ಸಲವೂ, "ಅವಳಿಗೆ ಅವಳ ಕೆಲಸ ಇದೆ, ಬಿಡಿ," ಎಂದು ಮುಖ ಆ ಕಡೆ ತಿರುಗಿಸುತ್ತಿದ್ದಳು.

"ಈಗೇನು ಮಾಡಲಮ್ಮ? ಸಭೆಯಲ್ಲಿ ನಿಂತು ತಪ್ಪಾಯ್ತು ಅಂತೀನಿ. ಒಳ್ಳೇ ಕಾರು ಅಂತೀನಿ."

ಮಗಳು ತಟ್ಟನೆ ತಲೆಯೆತ್ತಿದಳು. "ಅದನ್ನ ಮಾತ್ರ ಮಾಡಬೇಡಿ. ಮಗಳು ಅಂತ ಹೊಗಳಿದ್ರೆ ಈ ಮನೆ ಹೊಸ್ತಿಲು ತುಳಿಯಲ್ಲ ನಾನು. ಊರವರು ಬೈದ್ರು, ಬೈಕೊಳ್ಳಲಿ. ಕಣ್ಣಿಗೆ ಹಿಡಿಸ್ಲಿಲ್ಲ, ಬೈದ್ರು. ನೀವು? ಕೈಯಿಡದೆ ಒಂದು ಮೈಯ ಬಗ್ಗೆ ಮಾತಾಡಿದ್ದೀರಲ್ಲ ಅಪ್ಪ, ನೀವು!"

ಅದು ನೇರವಾಗಿ ನಾಟಿತು. ಮೇಸ್ತ್ರಿಯವರ ಗುರುಗಳದು ಒಂದೇ ಕಟ್ಟಳೆ. ಕಣ್ಣಿಗೆ ಬಣ್ಣ ಮೋಸ ಮಾಡುತ್ತದೆ, ದೀಪ ಮೋಸ ಮಾಡುತ್ತದೆ. ಆದ್ದರಿಂದ ಕಣ್ಣು ಮುಚ್ಚಿ, ಅಂಗೈಯಡಿಗೆ ತೆಳ್ಳನೆಯ ಬಟ್ಟೆ ಇಟ್ಟುಕೊಂಡು, ಮೈಯೆಲ್ಲ ಒಮ್ಮೆ ಸವರಿ ನೋಡಿದ ಮೇಲೆಯೇ ಬಾಯಿ ತೆರೆಯಬೇಕು. ಮುಟ್ಟದೆ ಮಾತಾಡಿದವನು ಅಂದು ಸುತ್ತಿಗೆ ಕೆಳಗಿಟ್ಟು ಸಂಜೆಯವರೆಗೆ ಕಸ ಗುಡಿಸಬೇಕು. ಅದೇ ಕಟ್ಟಳೆಯನ್ನು ಮೇಸ್ತ್ರಿ ತಮ್ಮ ಗ್ಯಾರೇಜಿನಲ್ಲೂ ನಡೆಸಿದ್ದರು. ಏಳು ವರ್ಷದ ಮಗಳ ಕೈಗೂ ಒಮ್ಮೆ ಪೊರಕೆ ಕೊಟ್ಟಿದ್ದರು.

"ಹೋಗಿ ಮುಟ್ಟಿ ನೋಡಿ," ಎಂದಳು ಅವಳು, ಎದ್ದು ನಿಂತು. "ಆಮೇಲೆ ಕೈ ಏನು ಹೇಳುತ್ತೋ ಅದನ್ನೇ ಹೇಳಿ. ಹೆಣದ ಪೆಟ್ಟಿಗೆ ಅಂದ್ರೆ ಹಾಗೇ ಆಗಲಿ."

ಚಹಾ ಕುಡಿಯದೆ ಹೊರಟುಹೋದಳು.

ಮೇಸ್ತ್ರಿ ದೈವಭಕ್ತರು. ದಿನಾ ಬೆಳಗ್ಗೆ ಎದ್ದ ಕೂಡಲೇ ಹಾಸಿಗೆಯಲ್ಲೇ ಕುಳಿತು, ನಾಲಿಗೆಯನ್ನೂ ಕೈಯನ್ನೂ ಸರಿಯಾಗಿ ನಡೆಸು ತಂದೆ ಎಂದು ಬೇಡಿಕೊಳ್ಳುವುದು ಅವರ ರೂಢಿ. ಹೆಂಡತಿ ಹೋದ ಮೇಲೂ ಅದನ್ನು ಬಿಟ್ಟಿರಲಿಲ್ಲ. ಆದರೆ ಬೇಡಿಕೆ ಬರೀ ಬಾಯಿಪಾಠವಾಗಿತ್ತು. ಶುಕ್ರವಾರ ಬೆಳಗ್ಗೆ ಮಾತ್ರ ಅವರು ಒಂದೊಂದು ಪದವನ್ನೂ ಬಿಡಿಸಿ ಹೇಳಿದರು. ಬಲಗೈಯ ಎರಡು ಬೆರಳುಗಳಿಗೆ ಚಳಿಗಾಲದಿಂದ ಸಣ್ಣಗೆ ಜೋಮು ಹಿಡಿಯುತ್ತಿತ್ತು. ಬಿಸಿನೀರಿನಲ್ಲಿ ಬಹಳ ಹೊತ್ತು ಅದ್ದಿಟ್ಟುಕೊಂಡು, ಒರೆಸಿಕೊಂಡು ಷೋರೂಮಿಗೆ ಹೋದರು.

ಗಾಜಿನ ಬಾಗಿಲು, ಹಾಲಿನಂಥ ನೆಲ, ನಡುವೆ ಆ ಕಾರು. ಸುತ್ತ ಕೆಂಪು ಹಗ್ಗ. ಟೈ ಕಟ್ಟಿದ ಮಾರಾಟದ ಹುಡುಗ ಓಡಿ ಬಂದ. ಇವರ ಮುಖ ನೋಡಿ ಅವನ ಮುಖ ಬದಲಾಯಿತು.

"ನೀವು... ಆ ವೀಡಿಯೋದಲ್ಲಿರೋ ತಾತ ಅಲ್ವಾ?"

"ಹೌದಪ್ಪ. ಅದೇ ತಾತ."

"ಇಲ್ಲಿ ಗಲಾಟೆ ಮಾಡಬಾರದು ತಾತ, ಮ್ಯಾನೇಜರು ನನ್ನ ಬೈತಾರೆ."

"ಗಲಾಟೆಗೆ ಬಂದಿಲ್ಲಪ್ಪ. ಕಾರನ್ನ ಒಂದು ಸಲ ಸವರಬೇಕು, ಅಷ್ಟೇ."

"ಸವರೋದಾ?" ಹುಡುಗ ಸುತ್ತ ನೋಡಿದ. "ಕೊಳ್ಳೋರೇ ಬಂದು ಬಯ್ದು ಹೋಗ್ತಿದ್ದಾರೆ ತಾತ. ಸವರೋಕೆ ಯಾರೂ ಬಂದಿರಲಿಲ್ಲ. ಬೇಗ ಮುಗಿಸಿಬಿಡಿ."

ಮೇಸ್ತ್ರಿ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿದರು. ಉಂಗುರ ತೆಗೆದರು. ಕರವಸ್ತ್ರವನ್ನು ಅಂಗೈಯಡಿಗೆ ಹರಡಿ, ಕಣ್ಣು ಮುಚ್ಚಿ, ಬಲಗಡೆಯ ದೀಪದ ಪಕ್ಕದಿಂದ ಶುರುಮಾಡಿದರು.

ಮೊದಲ ಎರಡು ಗೇಣಿನಲ್ಲೇ ಅವರ ಉಸಿರು ನಿಧಾನವಾಯಿತು. ಚಪ್ಪಟೆ ಎಂದು ಕಣ್ಣು ಹೇಳಿದ್ದ ಮೂತಿ ಚಪ್ಪಟೆಯಾಗಿರಲಿಲ್ಲ. ನಿದ್ದೆಯಲ್ಲಿರುವ ಮಗುವಿನ ಹೊಟ್ಟೆಯ ಹಾಗೆ ಇದೆಯೋ ಇಲ್ಲವೋ ಎಂಬಷ್ಟು ಉಬ್ಬಿತ್ತು. ಮುಂದಿನ ಚಕ್ರದ ಮೇಲೆ ಆ ಉಬ್ಬು ಎದ್ದು, ಬಾಗಿಲಿಗೆ ಬರುತ್ತಾ ಇಳಿದು, ಇಳಿಯುವಾಗಲೇ ಇನ್ನೊಂದು ಏರನ್ನು ಕೈಗೆ ಕೊಡುತ್ತಿತ್ತು. ಎಲ್ಲೂ ಕೈ ತಾನಾಗಿ ನಿಲ್ಲಲಿಲ್ಲ. ತಗಡಿನ ಕೆಳಗೆ ಯಾರೋ ಉಸಿರಾಡುತ್ತಿದ್ದಾರೆ ಎನ್ನಿಸಿತು. ಈ ಕೈಯನ್ನು ಅವರು ಬಲ್ಲರು. ಏಳು ವರ್ಷದ ಹುಡುಗಿ ಸುತ್ತಿಗೆ ಹಿಡಿಯುವಾಗ ಅವಳ ಮುಷ್ಟಿಯ ಮೇಲೆ ತಮ್ಮ ಮುಷ್ಟಿ ಇಟ್ಟು ಕಲಿಸಿದ ಕೈ.

ಹಿಂದಿನ ಬಾಗಿಲು ದಾಟಿದರು. ಅಲ್ಲಿಂದ ಎರಡು ಗೇಣು, ಏನೂ ಇಲ್ಲ. ಜೋಮು ಹಿಡಿಯಿತೇನೋ ಎಂದು ಕೈ ಎತ್ತಿ ಕೊಡವಿ ಮತ್ತೆ ಇಟ್ಟರು. ಜೋಮಲ್ಲ. ನುಣುಪಾಗಿತ್ತು, ನೇರವಾಗಿತ್ತು, ಆದರೆ ಅಲ್ಲಿ ಯಾರೂ ಇರಲಿಲ್ಲ. ಅಂಚಿನ ಕಡೆ ಬೆರಳು ತಂದರು. ಏರು ಇಲ್ಲಿಯವರೆಗೆ ಬಂದು, ಏನನ್ನೋ ಸುತ್ತಿಕೊಂಡು ಹೋಗುವುದಕ್ಕೆ ಸಿದ್ಧವಾಗಿ, ಕತ್ತರಿಸಿ ಬಿದ್ದಿತ್ತು. ಸುತ್ತಿಕೊಳ್ಳುವುದಕ್ಕೆ ಅಲ್ಲಿ ಏನಿದ್ದಿರಬೇಕು? ಗಾಜು. ಇಲ್ಲೊಂದು ಕಿಟಕಿ ಇತ್ತು. ಆಮೇಲೆ ಯಾರೋ ಬೇರೆಯವರು ಮುಚ್ಚಿದ್ದಾರೆ.

"ಸಾಕು ತಾತ, ಮ್ಯಾನೇಜರು ಬಂದ್ರು," ಎಂದ ಹುಡುಗ. ಮೇಸ್ತ್ರಿ ಉಂಗುರ ಹಾಕಿಕೊಂಡು ಹೊರಬಂದರು. ಬಸ್ಸು ಹತ್ತುವವರೆಗೂ ಅವರಿಗೆ ತಾವು ಅಳುತ್ತಿರುವುದು ತಿಳಿಯಲಿಲ್ಲ.

ಮುಂದಿನ ಭಾನುವಾರದ ಸಭೆಯಲ್ಲಿ ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆಯೊಂದಿತ್ತು. ಎಲ್ಲರೂ ತಮ್ಮ ತಮ್ಮ ಕಾರಿನ ಮೂತಿಯಿಂದ ಕಂಪನಿಯ ಲಾಂಛನವನ್ನು ಬಿಚ್ಚಿ ಅದರಲ್ಲಿ ಹಾಕಿ, ಪತ್ರದ ಜೊತೆ ಕಂಪನಿಗೆ ಹಿಂದಿರುಗಿಸುವುದೆಂದು ತೀರ್ಮಾನವಾಗಿತ್ತು. ಮೊದಲ ಲಾಂಛನ ಮೇಸ್ತ್ರಿಯವರದಾಗಬೇಕೆಂದು ವಕೀಲರು ಎದ್ದು ನಿಂತು ಕರೆದರು. "ಒಂದೇ ಮಾತಲ್ಲಿ ಕಂಪನಿಯ ಮಾನ ತೆಗೆದವರು ನಮ್ಮ ಮೇಸ್ತ್ರಿ!"

ಮೇಸ್ತ್ರಿ ಬರಿಗೈಯಲ್ಲಿ ಹೋಗಿ ನಿಂತರು.

"ಆ ಮಾತು ನಾನು ಮುಟ್ಟದೆ ಆಡಿದ್ದು. ತಪ್ಪು," ಎಂದರು. "ನಮ್ಮ ಗ್ಯಾರೇಜಿನಲ್ಲಾಗಿದ್ರೆ ಕಸ ಗುಡಿಸಬೇಕಿತ್ತು. ಶುಕ್ರವಾರ ಹೋಗಿ ಮುಟ್ಟಿ ಬಂದೆ. ಅದನ್ನ ಮಾಡಿದ್ದು ನನ್ನ ಮಗಳು, ಅದನ್ನೂ ಮೊದಲೇ ಹೇಳಿಬಿಡ್ತೀನಿ. ಆಮೇಲೆ ಬಚ್ಚಿಟ್ಟ ಅನ್ನಬಾರದು."

ಹಿಂದಿನಿಂದ ಯಾರೋ, "ಓಹೋ, ಮನೆಮಂದಿ ವ್ಯವಹಾರ," ಎಂದರು.

"ಹಾಗೇ ಅಂದ್ಕೊಳ್ಳಿ. ಇಷ್ಟು ಸತ್ಯವಾದ ಮೈಯನ್ನ ಇದುವರೆಗೆ ನನ್ನ ಕೈ ಮುಟ್ಟಿರಲಿಲ್ಲ. ಆದ್ರೆ ಹಿಂದಿನ ಬಾಗಿಲಿಂದಾಚೆ ಎರಡು ಗೇಣು ಅದು ಸತ್ತಿದೆ. ಅಲ್ಲೊಂದು ಕಿಟಕಿ ಇತ್ತು. ಯಾರೋ ಮುಚ್ಚಿದ್ದಾರೆ. ಮುಚ್ಚಿದವರು ಅವಳಲ್ಲ, ಬೇರೆ ಕೈ. ನಾನು ಹೆಣ ಅಂದದ್ದು ಅಷ್ಟು ಜಾಗಕ್ಕೆ ಸರಿ, ಉಳಿದಿದ್ದಕ್ಕೆ ಸುಳ್ಳು."

"ಏನ್ ಮೇಸ್ತ್ರಿ," ಎಂದರು ಹಲ್ಲಿನ ಡಾಕ್ಟರು, "ನಾನು ಬಾಯಿ ತೆರೆಸಿ ನೋಡ್ದೆ ಹುಳುಕು ಹೇಳ್ತೀನಾ? ನೀವು ತಗಡು ಸವರಿ ಒಳಗಿನ ಕಿಟಕಿ ಹೇಳ್ತೀರಾ?"

"ನಿಮ್ಮ ಕಾರಿನ ಎಡಬಾಗಿಲು ಬೇರೆ ಕಾರಿಂದು ಅಂತ ಹೇಳಿದ್ದು ಯಾರು ಡಾಕ್ಟ್ರೇ? ಮಾರಿದೋನು ಹೇಳಿದ್ನಾ?"

ವಕೀಲರು ಪೆಟ್ಟಿಗೆಯನ್ನು ತಮ್ಮ ಕಡೆಗೆ ಎಳೆದುಕೊಂಡು, "ಮಗಳ ಅನ್ನದ ಪ್ರಶ್ನೆ ಬಂದಾಗ ಯಾರ ಕೈಯಾದ್ರೂ ಹೀಗೇ ಹೇಳುತ್ತೆ, ಬಿಡಿ," ಎಂದು ತಮ್ಮ ಲಾಂಛನವನ್ನು ಟಣ್ಣನೆ ಅದರೊಳಕ್ಕೆ ಹಾಕಿದರು. ಮೇಸ್ತ್ರಿ ತಮ್ಮ ಕುರ್ಚಿಗೆ ಹಿಂದಿರುಗಿದಾಗ ಅದರ ಮೇಲೆ ಯಾರದೋ ಕೋಟು ಇತ್ತು. ಅವರು ಅದನ್ನು ಸರಿಸದೆ ಹೊರಗೆ ಹೋದರು. ತಾವು ಹೇಳಿದ್ದು ಸರಿಯಾಗಿದೆ, ಮಗಳು ಕೇಳಿದ್ದೂ ಅದನ್ನೇ ಎಂಬ ನೆಮ್ಮದಿ ಮನೆ ಸೇರುವವರೆಗೂ ಇತ್ತು.

ಆ ನೆಮ್ಮದಿ ಒಂದು ದಿನವೂ ಬಾಳಲಿಲ್ಲ. ರೀಲು ಇದನ್ನೂ ಸೆರೆಹಿಡಿದಿದ್ದ. ಸೋಮವಾರ ಮಧ್ಯಾಹ್ನಕ್ಕೆ ಮೇಸ್ತ್ರಿಯವರ ಮಾತು ಎರಡು ತುಂಡಾಗಿತ್ತು. ಮೊದಲ ತುಂಡನ್ನು ಕಂಪನಿ ಎತ್ತಿಕೊಂಡಿತು. 'ಇಷ್ಟು ಸತ್ಯವಾದ ಮೈಯನ್ನ ಇದುವರೆಗೆ ನನ್ನ ಕೈ ಮುಟ್ಟಿರಲಿಲ್ಲ' ಎಂದು ಮೇಸ್ತ್ರಿ ಹೇಳುವುದು, ಅಲ್ಲಿಗೆ ಕತ್ತರಿ, ಕೆಳಗೆ 'ಹಿಂದಿನದು ಸಾಕು.' ಎರಡನೆಯ ತುಂಡನ್ನು ಕಾರಿನ ಹುಚ್ಚಿನವರು ಎತ್ತಿಕೊಂಡರು. ಊರೂರುಗಳ ಅಭಿಮಾನಿಗಳು ಕಂಪನಿಯನ್ನು ಒಂದೇ ಪ್ರಶ್ನೆ ಕೇಳತೊಡಗಿದರು: ಕಿಟಕಿ ಎಲ್ಲಿ? ಕೆಲವರು ಮುಂಗಡ ವಾಪಸು ಕೇಳಿದರು. ಹಿಂದೆ ನೋಡುವುದೇ ಬೇಡವೆಂಬ ಜಾಹೀರಾತಿಗಾಗಿ ಕಿಟಕಿ ಮುಚ್ಚಿದರಂತೆ ಎಂದು ಪತ್ರಿಕೆಯವರೂ ಬರೆದರು.

ಮಂಗಳವಾರ ಮಗಳ ಫೋನು ಬಂತು. ದನಿ ಬತ್ತಿತ್ತು.

"ಅಪ್ಪ, ಕಿಟಕಿ ವಿಷಯ ನಾನು ನಿಮಗೆ ಹೇಳಿದ್ನಾ?"

"ಇಲ್ಲಮ್ಮ."

"ಆ ಕಿಟಕಿ ಇದ್ದದ್ದು ಗೊತ್ತಿದ್ದವರು ಒಂಬತ್ತೇ ಜನ. ನಾನೇ ಹೊರಗೆ ಬಿಟ್ಟೆ ಅಂತಿದ್ದಾರೆ. ಗುರುವಾರ ವಿಚಾರಣೆ."

ಮೇಸ್ತ್ರಿ ಗೋಡೆಗೆ ಒರಗಿದರು. ಸುಳ್ಳು ಹೇಳಿದಾಗ ಚಪ್ಪಾಳೆ ಬಿತ್ತು; ನಿಜ ಹೇಳಿದ್ದಕ್ಕೆ ಮಗಳ ಕೆಲಸಕ್ಕೆ ಕುತ್ತು ಬಂತು. "ನಾನು ಬರ್ತೀನಿ," ಎಂದರು. "ಕೈ ಹೇಳಿದ್ದು, ಮಗಳು ಹೇಳಿದ್ದಲ್ಲ ಅಂತ ಹೇಳ್ತೀನಿ."

"ನಂಬ್ತಾರಾ ಅಪ್ಪ?"

"ನಂಬಿಸ್ತೀನಿ."

ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಅವರನ್ನು ಉದ್ದ ಮೇಜಿನ ಒಂದು ಕೋಣೆಯಲ್ಲಿ ಕೂರಿಸಿದರು. ಎದುರಿಗೆ ಮೂವರು. ಪ್ರಚಾರ ವಿಭಾಗದ ಮುಖ್ಯಸ್ಥೆ, ಕಡಿಮೆ ಮಾತಿನ, ನಯವಾದ ಹೆಂಗಸು. ಅವರ ಪಕ್ಕದಲ್ಲಿ ಕಾನೂನು ನೋಡಿಕೊಳ್ಳುವವರು. ಕೊನೆಯಲ್ಲಿ ಮಗಳ ವಿಭಾಗದ ಹಿರಿಯ ವಿನ್ಯಾಸಗಾರರು, ನರೆತ ಗಡ್ಡದವರು, ತಮ್ಮ ಪೆನ್ಸಿಲನ್ನೇ ನೋಡುತ್ತಾ ಕುಳಿತಿದ್ದರು. ಮಗಳು ಅಪ್ಪನ ಪಕ್ಕದಲ್ಲಿದ್ದಳು.

"ಸವರಿ ಗೊತ್ತಾಯ್ತು ಅಂತೀರಿ," ಎಂದರು ಕಾನೂನಿನವರು. "ನಮ್ಮ ಯಂತ್ರಗಳಿಗೇ ಗೊತ್ತಾಗದ್ದು."

"ಯಂತ್ರ ಅಳತೆ ಮಾಡುತ್ತೆ ಸ್ವಾಮಿ. ಅದಕ್ಕೆ ನೇರ ಇದೆಯಾ ಅಂತ ಗೊತ್ತಾಗುತ್ತೆ. ಮನಸ್ಸಿತ್ತಾ ಅಂತ ಗೊತ್ತಾಗಲ್ಲ."

ಅವರು ನಕ್ಕರು. ಹಿರಿಯರು ನಗಲಿಲ್ಲ. ಎದ್ದು ಹೊರಗೆ ಹೋಗಿ, ಇಬ್ಬರು ಕೆಲಸಗಾರರಿಂದ ಮೂರು ಬಾಗಿಲುಗಳನ್ನು ಹೊರಿಸಿಕೊಂಡು ಬಂದರು. ಮೂರಕ್ಕೂ ಒಂದೇ ಬಣ್ಣ, ಒಂದೇ ಹೊಳಪು. "ಇವುಗಳಲ್ಲಿ ಒಂದು ಅಪಘಾತದಲ್ಲಿ ನೆಗ್ಗಿ ರಿಪೇರಿಯಾದದ್ದು. ಯಾವುದು, ಎಲ್ಲಿ?" ಎಂದು ಕೇಳಿದರು.

ಮೇಸ್ತ್ರಿ ಕರವಸ್ತ್ರ ಹರಡಿದರು. ಅಂದು ಬೆಳಗ್ಗೆ ಪ್ರಯಾಣದ ಗಡಿಬಿಡಿಯಲ್ಲಿ ಕೈಯನ್ನು ಬಿಸಿನೀರಿಗೆ ಅದ್ದಿರಲಿಲ್ಲ. ಜೋಮು ಮೂರನೆಯ ಬೆರಳಿಗೂ ಏರಿತ್ತು. ಮೊದಲ ಬಾಗಿಲು, ಏನೂ ಹೇಳಲಿಲ್ಲ. ಎರಡನೆಯದು, ಏನೂ ಹೇಳಲಿಲ್ಲ. ಮೂರನೆಯದೂ ಹಾಗೆಯೇ. ಕೋಣೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ತಂದೆ, ನನಗಾಗಿ ಅಲ್ಲ, ಅವಳಿಗಾಗಿ, ಎಂದುಕೊಂಡರು ಮೇಸ್ತ್ರಿ. ಬಲಗೈ ತೆಗೆದು ಎಡಗೈ ಇಟ್ಟರು. ಎಂದೂ ಸವರಿ ನೋಡಲು ಬಳಸಿದ ಕೈಯಲ್ಲ. ಸುತ್ತಿಗೆಯ ಏಟಿಗೆ ಕೆಳಗಿನಿಂದ ಆಸರೆ ಕೊಡುತ್ತಿದ್ದ ಕೈ. ಮತ್ತೆ ಮೊದಲಿನಿಂದ ಶುರುಮಾಡಿದರು. ಎರಡನೆಯ ಬಾಗಿಲಿನ ಕೆಳ ಅಂಚಿನಲ್ಲಿ ಅದು ನಿಂತಿತು.

"ಇಲ್ಲಿ. ಬೊಗಸೆಯಷ್ಟು ಅಗಲ. ತಟ್ಟಿ ತೆಗೆದಿಲ್ಲ, ಸೋಮಾರಿಗಳು, ಮೇಲಿಂದ ಪುಟ್ಟಿ ಮೆತ್ತಿ ಉಜ್ಜಿದ್ದಾರೆ."

ಹಿರಿಯರು ಕಾನೂನಿನವರ ಕಡೆ ನೋಡಿ ತಲೆಯಾಡಿಸಿದರು. ಮಗಳು ಮೇಜಿನಡಿಯಲ್ಲಿ ಅಪ್ಪನ ಮೊಣಕಾಲನ್ನು ಗಟ್ಟಿಯಾಗಿ ಹಿಡಿದಳು.

ಅಲ್ಲಿಗೆ ಮುಗಿಯಿತೆಂದು ಮೇಸ್ತ್ರಿ ತಿಳಿದಿದ್ದರು. ಆದರೆ ಪ್ರಚಾರದ ಮುಖ್ಯಸ್ಥೆ ಒಂದು ಹಾಳೆಯನ್ನು ಮೆಲ್ಲನೆ ಅವರ ಮುಂದಕ್ಕೆ ಸರಿಸಿದರು.

"ನಿಮ್ಮ ಮಗಳು ಹೇಳಿಲ್ಲ ಅಂತ ನಾವು ನಂಬ್ತೀವಿ. ಆದ್ರೆ ಹೊರಗಡೆ ಒಂದೇ ಗದ್ದಲ. ಇದಕ್ಕೆ ನೀವು ರುಜು ಹಾಕಿದ್ರೆ ಅವರ ಮೇಲಿನ ವಿಚಾರಣೆ ಇವತ್ತೇ ಮುಗಿಯುತ್ತೆ."

ಹಾಳೆಯಲ್ಲಿ ನಾಲ್ಕೇ ಸಾಲು ಇದ್ದವು. ನನಗೆ ವಯಸ್ಸಾಗಿದೆ, ಕೈಯಲ್ಲಿ ಮೊದಲಿನ ಶಕ್ತಿ ಇಲ್ಲ; ಕಿಟಕಿಯ ವಿಷಯದಲ್ಲಿ ನನ್ನ ಕೈ ತಪ್ಪಿತು; ಆ ಕಾರಿನಲ್ಲಿ ಅಂಥ ಕಿಟಕಿ ಎಂದೂ ಇರಲಿಲ್ಲವೆಂದು ಈಗ ತಿಳಿದಿದ್ದೇನೆ.

"ಈಗಷ್ಟೇ ತೋರಿಸಿದ್ನಲ್ಲ ತಾಯಿ, ಕೈ ತಪ್ಪಲ್ಲ ಅಂತ?"

"ನಮಗೆ ತೋರಿಸಿದ್ರಿ."

ಮೇಸ್ತ್ರಿ ಹಿರಿಯರ ಕಡೆ ನೋಡಿದರು. ಅವರು ಮತ್ತೆ ಪೆನ್ಸಿಲನ್ನು ನೋಡುತ್ತಿದ್ದರು. ಮಗಳ ಕಡೆ ನೋಡಿದರು. ಅವಳು ಬೇಡವೆನ್ನಲಿಲ್ಲ, ಹಾಕಿ ಎನ್ನಲಿಲ್ಲ. ತುಟಿ ಬಿಗಿದುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಮೂವತ್ತಾರರ ಮಗಳು; ಆ ಮಣ್ಣಿನ ಕೋಣೆ ಬಿಟ್ಟರೆ ಅವಳಿಗೆ ಬೇರೆ ಲೋಕವಿರಲಿಲ್ಲ. ತಾಯಿಯ ಹಾಸಿಗೆಯ ಪಕ್ಕದಲ್ಲಿ ಕೂರಬೇಕಾಗಿದ್ದ ಹೊತ್ತನ್ನೂ ಅವಳು ಅದಕ್ಕೇ ಕೊಟ್ಟಿದ್ದಳು. ಅದನ್ನೂ ಕಳೆದುಕೊಂಡರೆ ಕೊಟ್ಟದ್ದೆಲ್ಲ ಎಲ್ಲಿಗೆ ಹೋಯಿತು?

ನಲವತ್ತೊಂದು ವರ್ಷದಲ್ಲಿ ಮೇಸ್ತ್ರಿ ತಮ್ಮ ಕೈಯ ಬಗ್ಗೆ ಒಂದು ಸುಳ್ಳನ್ನೂ ಹೇಳಿದವರಲ್ಲ. ದೇವರ ಮುಂದೆ ನಿಂತಾಗ ತೋರಿಸಲು ತಮ್ಮ ಹತ್ತಿರ ಇರುವುದು ಅದೊಂದೇ ಎಂದು ಅವರು ಯಾವಾಗಲೂ ಅಂದುಕೊಂಡಿದ್ದರು. ಪೆನ್ನು ತೆಗೆದುಕೊಂಡು ರುಜು ಹಾಕಿದರು. ಜೋಮು ಹಿಡಿದ ಬೆರಳಿನ ರುಜು ಸೊಟ್ಟಗೆ ಬಂತು. ಅದನ್ನು ನೋಡಿದ ಯಾರಿಗಾದರೂ ಆ ಹಾಳೆಯಲ್ಲಿರುವುದು ನಿಜವೆಂದೇ ತೋರುತ್ತಿತ್ತು.

ಬಸ್ಸಿನಲ್ಲಿ ಇಬ್ಬರಿಗೂ ಪಕ್ಕಪಕ್ಕದ ಸೀಟು ಸಿಕ್ಕಿತು. ಮಗಳಿಗೆ ಆ ದಿನ ರಜೆ ಕೊಟ್ಟಿದ್ದರು.

"ರುಜು ಹಾಕಬಾರದಿತ್ತು ಅಪ್ಪ," ಎಂದಳು.

"ಬೇಡ ಅಂತ ಯಾಕೆ ಅನ್ನಲಿಲ್ಲ?"

"ಹಾಕಲಿ ಅಂತಲೇ ಇತ್ತು ಮನಸ್ಸಲ್ಲಿ. ಅದಕ್ಕೇ ನಾಚಿಕೆ ಆಗ್ತಿದೆ," ಎಂದಳು.

ಮೇಸ್ತ್ರಿ ಅವಳ ಬೆನ್ನಿನ ಮೇಲೆ ಕೈಯಿಟ್ಟರು. ನಾಳೆ ಆ ಹಾಳೆ ಎಲ್ಲ ಕಡೆ ಹೋಗುತ್ತದೆ. ವಕೀಲರು ಓದುತ್ತಾರೆ, ಹಲ್ಲಿನ ಡಾಕ್ಟರು ಓದುತ್ತಾರೆ. ತಮ್ಮ ಹತ್ತಿರ ಕೆಲಸ ಕಲಿತು ಊರೂರುಗಳಲ್ಲಿ ಗ್ಯಾರೇಜು ಇಟ್ಟವರೂ ಓದುತ್ತಾರೆ. ಅವರಿಗೆಲ್ಲ ಏನು ಹೇಳುವುದೆಂದು ಮೇಸ್ತ್ರಿಯವರಿಗೆ ಹೊಳೆಯಲಿಲ್ಲ.

"ನಿಜ ಹೇಳಿ. ಉಳಿದದ್ದು ಹೇಗಿತ್ತು?" ಎಂದು ಕೇಳಿದಳು ಮಗಳು. "ಹೊಗಳಬೇಡಿ. ಹೇಗಿತ್ತು ಅಂತ ಮಾತ್ರ ಹೇಳಿ."

ಮೇಸ್ತ್ರಿ ಹೇಳತೊಡಗಿದರು. ದೀಪದ ಪಕ್ಕದ ಇಳುಕಲು, ಚಕ್ರದ ಮೇಲಿನ ಏರು, ಬಾಗಿಲಿನ ಹಿಡಿಯ ಕೆಳಗೆ ಒಂದೇ ಒಂದು ಕಡೆ ಏರು ತಡವಾಗಿ ಬಂದದ್ದು. "ಅಲ್ಲಿ ನಿನಗೆ ಸುಸ್ತಾಗಿತ್ತೇನೋ," ಎಂದರು.

"ಯಾವ ಕಡೆ ಬಾಗಿಲು?"

"ಬಲಗಡೆ. ಎಡಗಡೆಗೆ ಹೋಗೋಷ್ಟರಲ್ಲಿ ಆ ಹುಡುಗ ಕಳಿಸಿಬಿಟ್ಟ."

ಮಗಳು ಅವರ ಮುಖವನ್ನೇ ನೋಡಿದಳು. ಆಮೇಲೆ ಅವಳಿಗೆ ನಗು ಬಂತು. ನಗು ಹೋಗಿ ಕಣ್ಣಲ್ಲಿ ನೀರು ಬಂತು. "ಅಯ್ಯೋ ಅಪ್ಪ. ನಾವು ಕೈಯಲ್ಲಿ ಮಾಡೋದು ಎಡಗಡೆ ಮಾತ್ರ. ಬಲಗಡೆ ಅದನ್ನ ನೋಡಿ ಯಂತ್ರ ಕೊರೆಯುತ್ತೆ. ನೀವು ಮುಟ್ಟಿದ್ದು ನಕಲು."

"ನಕಲೇ ಹಾಗಿತ್ತಾ?"

"ಹಿಡಿ ಕೆಳಗಿನ ತಪ್ಪು ಯಂತ್ರದ್ದು. ನಂದಲ್ಲ."

"ಹಾಗಾದ್ರೆ ಎಡಗಡೆ ಮುಟ್ಟಬೇಕು. ನಾಳೆನೇ ಹೋಗ್ತೀನಿ."

"ಇನ್ನು ನಿಮ್ಮನ್ನ ಯಾವ ಷೋರೂಮಿನವರೂ ಒಳಗೆ ಬಿಡಲ್ಲ ಅಪ್ಪ. ಬೆಳಗ್ಗೆನೇ ಎಲ್ಲಾ ಕಡೆ ಹೇಳಿ ಕಳಿಸಿದ್ದಾರೆ."

ಬಸ್ಸು ಸೇತುವೆ ಹತ್ತಿತು. ಮಗಳು ಮುಂದಿನ ಸೀಟಿನ ಬೆನ್ನಿನ ಮೇಲೆ ತನ್ನ ಅಂಗೈ ಇಟ್ಟಳು.

"ಕಣ್ಣು ಮುಚ್ಚಿ," ಎಂದಳು. "ಇದು ಎಡಗಡೆಯ ದೀಪ ಅಂದ್ಕೊಳ್ಳಿ. ಇಲ್ಲಿಂದ ಏರು ಶುರುವಾಗುತ್ತೆ. ಬಲಗಡೆಯಷ್ಟು ಬೇಗ ಅಲ್ಲ."

ಮೇಸ್ತ್ರಿ ಕಣ್ಣು ಮುಚ್ಚಿ, ಎಡಗೈಯನ್ನು ಅವಳ ಕೈಯ ಮೇಲಿಟ್ಟರು. ಅವಳ ಕೈ ಮೆಲ್ಲನೆ ಸರಿಯಿತು.

"ಇಲ್ಲಿ?" ಎಂದರು.

"ಇಲ್ಲಿ ಇನ್ನೂ ಒಂಚೂರು ತಗ್ಗು. ಒತ್ತಬೇಡಿ ಅಪ್ಪ, ಸುಮ್ಮನೆ ಬನ್ನಿ."